ಇಪ್ಪತ್ತೇಳು ಪರ್ಸೆಂಟಿನಲ್ಲಿ ನಿಂತ ಪದ್ಯ

ಆಟಿ ತಿಂಗಳ ಒಂದು ಬೆಳಿಗ್ಗೆ ಪೆರ್ಡೂರಿನ ಹವ್ಯಾಸಿ ಭಾಗವತರೊಬ್ಬರು ಫೋನ್ ಮಾಡಿದರು. ಹಿಂದಿನ ರಾತ್ರಿ ಅವರ ನೆರೆಮನೆಯಲ್ಲಿ ತಾಳಮದ್ದಳೆ ಇತ್ತಂತೆ. ಪ್ರಸಂಗದ ಪುಸ್ತಕ ಇಡುತ್ತಿದ್ದ ಜಾಗದಲ್ಲಿ ಈಚಿನ ವರ್ಷಗಳಲ್ಲಿ ಅವರು ಟ್ಯಾಬ್ ಇಟ್ಟುಕೊಳ್ಳುತ್ತಾರೆ; ಹಳೆಯ ಪ್ರಸಂಗಗಳ ಸ್ಕ್ಯಾನ್ ಪ್ರತಿಗಳು ನೂರಾರು ಅದರಲ್ಲಿವೆ. ಅರ್ಥಧಾರಿಯ ಮಾತು ಮುಗಿಯಿತು, ಮದ್ದಳೆಗೆ ಪೆಟ್ಟು ಬಿತ್ತು, ಪದ್ಯ ಎತ್ತಬೇಕು ಎನ್ನುವಾಗ ಪರದೆ ಕಪ್ಪಾಯಿತು.

“ಚಾರ್ಜ್ ಖಾಲಿ ಆದದ್ದಲ್ಲ ಮಾರಾಯ್ರೆ. ಆಗಷ್ಟೇ ನೋಡಿದ್ದೆ, ಇಪ್ಪತ್ತೇಳು ಪರ್ಸೆಂಟ್ ಇತ್ತು. ಪುಟ ತಿರುಗುವುದೂ ಈಗ ನಿಧಾನ. ಬೆಂಗಳೂರಿನಲ್ಲಿರುವ ಮಗಳು ದೀಪಾವಳಿಗೆ ಹೊಸದು ತೆಗೆದುಕೊಡುತ್ತೇನೆ ಅಂತಾಳೆ. ಆರು ವರ್ಷ ಆಯ್ತು, ಇದರ ಆಯುಷ್ಯ ಮುಗಿದ ಹಾಗೆಯೇ ಅಲ್ವಾ?”

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಕೋವಿಡ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊಂಡ ಟ್ಯಾಬ್‌ಗಳಿಗೆಲ್ಲ ಈಗ ಸುಮಾರು ಇದೇ ವಯಸ್ಸು. ಆದರೆ ‘ಟ್ಯಾಬ್ ಹಳತಾಯಿತು’ ಎಂಬ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಹಳತಾದದ್ದು ಯಾವುದು? ಅದರಲ್ಲಿರುವ ಸಿಲಿಕಾನ್ ಚಿಪ್ ಆರು ವರ್ಷದ ಹಿಂದೆ ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿತ್ತೋ ಇಂದಿಗೂ ಅಷ್ಟೇ ವೇಗವಾಗಿ ಮಾಡಬಲ್ಲದು. ಸವೆಯುವುದು ಮುಖ್ಯವಾಗಿ ಬ್ಯಾಟರಿ. ತುಂಬಿಹೋಗುವುದು ಸಂಗ್ರಹ. ಬದಲಾಗುತ್ತ ಹೋಗುವುದು ತಂತ್ರಾಂಶ. ಈ ಮೂರನ್ನು ಬೇರೆ ಬೇರೆಯಾಗಿ ನೋಡಿದ ಮೇಲೆಯೇ ಅಂಗಡಿಗೆ ಹೋಗುವ ಮಾತು.

ಬ್ಯಾಟರಿಯ ಒಳಗೆ ಆಗುವುದನ್ನು ಪೆರ್ಡೂರಿನವರಿಗೆ ಹೇಳಲು ಆಗುಂಬೆ ಘಾಟಿಗಿಂತ ಒಳ್ಳೆಯ ನಕ್ಷೆ ಇಲ್ಲ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತುವ ರಾಷ್ಟ್ರೀಯ ಹೆದ್ದಾರಿ 169ಎ ಅವರ ಊರಿನ ಮೇಲೆಯೇ ಹೋಗುತ್ತದೆ. ಘಾಟಿಯ ಕೆಳಗೊಂದು ಬಸ್‌ಸ್ಟ್ಯಾಂಡು, ಮೇಲೊಂದು ಬಸ್‌ಸ್ಟ್ಯಾಂಡು ಎಂದುಕೊಳ್ಳಿ. ಕೆಳಗಿನದು ಕೋಬಾಲ್ಟ್ ಆಕ್ಸೈಡಿನಂಥ ಲೋಹದ ಆಕ್ಸೈಡು. ಮೇಲಿನದು ಗ್ರಾಫೈಟು, ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಇಂಗಾಲ. ಎರಡೂ ಪದರ ಪದರವಾಗಿವೆ, ಪದರಗಳ ನಡುವೆ ಕೂರಲು ಜಾಗವಿದೆ. ಪ್ರಯಾಣಿಕರು ಲಿಥಿಯಂ ಅಯಾನುಗಳು. ಚಾರ್ಜಿಗೆ ಹಾಕುವುದೆಂದರೆ ಮೆಸ್ಕಾಂ ಕೊಟ್ಟ ವಿದ್ಯುತ್ತಿನ ಬಲದಿಂದ ಅವರನ್ನು ಘಾಟಿ ಹತ್ತಿಸಿ ಮೇಲೆ ಕೂರಿಸುವುದು. ಟ್ಯಾಬ್ ಬಳಸುವಾಗ ಅವರು ತಾವಾಗಿಯೇ ಇಳಿದು ಬರುತ್ತಾರೆ.

ಆಗುಂಬೆ ಘಾಟಿಯಲ್ಲಿ ಭಾರೀ ಲಾರಿಗಳಿಗೆ ಪ್ರವೇಶವಿಲ್ಲ. ಅವು ಬಾಳೆಬರೆಯಂಥ ಬೇರೆ ಘಾಟಿಯಲ್ಲಿ ಸುತ್ತಿಕೊಂಡು ಬರಬೇಕು. ಬ್ಯಾಟರಿಯಲ್ಲೂ ಹಾಗೆಯೇ. ಅಯಾನುಗಳು ಒಳದಾರಿಯಲ್ಲಿ ಇಳಿದರೆ, ಇಲೆಕ್ಟ್ರಾನುಗಳಿಗೆ ಆ ದಾರಿ ಮುಚ್ಚಿದೆ. ಅವು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತುದಾರಿಯಲ್ಲಿ ಬರುತ್ತಲೇ ಪರದೆ ಬೆಳಗಿಸುತ್ತವೆ, ಚಿಪ್ ನಡೆಸುತ್ತವೆ, ಪದ್ಯದ ಪುಟ ತೋರಿಸುತ್ತವೆ. ಬ್ಯಾಟರಿಯಿಂದ ನಮಗಾಗುವ ಉಪಯೋಗವೆಲ್ಲ ಈ ಸುತ್ತುದಾರಿಯದ್ದೇ.

ಬ್ಯಾಟರಿಯೊಳಗಿನ ಈ ಘಾಟಿಯನ್ನು ಕಡಿದವರ ಕಥೆ ದೊಡ್ಡದು. 1970ರ ದಶಕದಲ್ಲಿ ಎಕ್ಸಾನ್ ತೈಲ ಕಂಪನಿಯ ಪ್ರಯೋಗಾಲಯದಲ್ಲಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಪದರಗಳ ನಡುವೆ ಲಿಥಿಯಂ ಬಂದುಹೋಗುವಂತೆ ಮಾಡಬಹುದೆಂದು ತೋರಿಸಿದರು. ಆದರೆ ಅವರ ಬ್ಯಾಟರಿಯ ಮೇಲಿನ ನಿಲ್ದಾಣ ಶುದ್ಧ ಲಿಥಿಯಂ ಲೋಹದ್ದು. ಬೆಂಕಿ ಹತ್ತುವ ಭಯ ಬಿಡಲಿಲ್ಲ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಕೋಬಾಲ್ಟ್ ಆಕ್ಸೈಡನ್ನು ಕಂಡುಕೊಂಡಿತು. ಕೆಳಗಿನ ನಿಲ್ದಾಣ ಇನ್ನಷ್ಟು ಆಳಕ್ಕೆ ಹೋಯಿತು, ಘಾಟಿಯ ಎತ್ತರ ಸುಮಾರು 4 ವೋಲ್ಟಿಗೆ ಏರಿತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಮೇಲಿನ ಲೋಹವನ್ನು ತೆಗೆದು ಇಂಗಾಲವನ್ನು ಕೂರಿಸಿದರು, ಬ್ಯಾಟರಿ ಮನೆಯೊಳಗೆ ಇಡುವಷ್ಟು ಸುರಕ್ಷಿತವಾಯಿತು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ ನೊಬೆಲ್ ಬಂದದ್ದು 2019ರಲ್ಲಿ. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅಷ್ಟು ವಯಸ್ಸಿನಲ್ಲಿ ಆ ಬಹುಮಾನ ಪಡೆದವರು ಇನ್ನೊಬ್ಬರಿಲ್ಲ.

ಈಗ ಮುಪ್ಪಿನ ವಿಷಯ. ಹೊಸ ಬ್ಯಾಟರಿಯ ಮೊದಮೊದಲ ಚಾರ್ಜಿನಲ್ಲಿಯೇ ಗ್ರಾಫೈಟಿನ ಮೈಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಘಾಟಿಯ ತಡೆಗೋಡೆಯ ಹಾಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಅಯಾನುಗಳು ಓಡಾಡುವ ಒಳಗಿನ ದ್ರವ ಕೊಳೆಯುತ್ತಲೇ ಹೋಗುತ್ತದೆ. ಆದರೆ ಆ ಗೋಡೆ ಕಟ್ಟಲು ಬೇಕಾದ ಸಾಮಗ್ರಿಯಲ್ಲಿ ಲಿಥಿಯಂ ಕೂಡ ಒಂದು. ಗೋಡೆಯಲ್ಲಿ ಸೇರಿಹೋದ ಅಯಾನು ಮತ್ತೆ ಪ್ರಯಾಣ ಮಾಡುವುದಿಲ್ಲ. ವರ್ಷ ಕಳೆದಂತೆ ಗೋಡೆ ದಪ್ಪಗಾಗುತ್ತದೆ, ಪ್ರಯಾಣಿಕರು ಕಡಿಮೆಯಾಗುತ್ತಾರೆ. ಬ್ಯಾಟರಿ ‘ಮೊದಲಿನಷ್ಟು ಹೊತ್ತು ಬರುವುದಿಲ್ಲ’ ಎನ್ನುವುದು ಇದಕ್ಕೇ.

ಗೋಡೆ ದಪ್ಪವಾದಂತೆ ರಸ್ತೆಯೂ ಕಿರಿದಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿಯ ಅರ್ಧ ರಸ್ತೆ ಮುಚ್ಚಿದ ದಿನವನ್ನು ನೆನಪು ಮಾಡಿಕೊಳ್ಳಿ. ಆಗುಂಬೆಯ ಸ್ಟ್ಯಾಂಡಿನಲ್ಲಿ ಜನ ಇದ್ದಾರೆ, ಒಬ್ಬೊಬ್ಬರಾಗಿ ಇಳಿಯಲೂಬಹುದು. ಎಲ್ಲರೂ ಒಮ್ಮೆಲೇ ಕೆಳಗೆ ಬೇಕು ಎಂದರೆ ಆಗದು. ಭಾಗವತರ ಟ್ಯಾಬ್‌ನಲ್ಲಿ ಆದದ್ದು ಇದೇ. ಶೇಕಡಾ 27ರಷ್ಟು ಪ್ರಯಾಣಿಕರು ಮೇಲೆ ಇದ್ದದ್ದು ಹೆಚ್ಚುಕಡಿಮೆ ಸುಳ್ಳಲ್ಲ. ಪರದೆಯ ಬೆಳಕು ಪೂರ್ತಿ ಏರಿಸಿತ್ತು, ಭಾರವಾದ ಪುಟವೊಂದು ತೆರೆಯಬೇಕಿತ್ತು, ಆ ಕ್ಷಣಕ್ಕೆ ಹೆಚ್ಚು ವಿದ್ಯುತ್ತು ಬೇಕಾಯಿತು. ಆಂತರಿಕ ರೋಧ ಹೆಚ್ಚಾಗಿದ್ದ ಬ್ಯಾಟರಿಯ ವೋಲ್ಟೇಜು ಥಟ್ಟನೆ ಕುಸಿಯಿತು. ವೋಲ್ಟೇಜು ಒಂದು ಮಿತಿಗಿಂತ ಕೆಳಗಿಳಿದರೆ ಟ್ಯಾಬ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ.

ಗೋಡೆ ಬೇಗ ದಪ್ಪವಾಗಲು ಮುಖ್ಯ ಕಾರಣ ಎರಡು: ಶಾಖ ಮತ್ತು ಯಾವಾಗಲೂ ಪೂರ್ತಿ ತುಂಬಿರುವ ಚಾರ್ಜು. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. “ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗ್ತದೆ ಗೊತ್ತಿಲ್ಲ, ಅದಕ್ಕೆ ಹಗಲೂ ರಾತ್ರಿ ಚಾರ್ಜಿಗೆ ಹಾಕಿಯೇ ಇಡುವುದು” ಎಂದರು ಭಾಗವತರು. ದಪ್ಪ ರಬ್ಬರು ಕವಚದೊಳಗೆ ಬೆಚ್ಚಗೆ, ನೂರಕ್ಕೆ ನೂರು ತುಂಬಿ, ಆರು ಮಳೆಗಾಲ! ದಿನಬಳಕೆಗೆ 80ರ ಆಸುಪಾಸಿನಲ್ಲಿ ನಿಲ್ಲಿಸಿ, ತಾಳಮದ್ದಳೆ ಇರುವ ದಿನ ಮಾತ್ರ ಪೂರ್ತಿ ತುಂಬಿಸಿದ್ದರೆ ಅದೇ ಬ್ಯಾಟರಿ ಇನ್ನೂ ಕೆಲವು ಕಾಲ ಬರುತ್ತಿತ್ತು. ಈಗಿನ ಹಲವು ಟ್ಯಾಬ್‌ಗಳ ಸೆಟ್ಟಿಂಗ್ಸ್‌ನಲ್ಲಿ ಹಾಗೆ ತಡೆಹಿಡಿಯುವ ಆಯ್ಕೆಯೇ ಇದೆ. ಕರಾವಳಿಯವರು ಇನ್ನೊಂದು ನೋಡಬೇಕು. ಚಾರ್ಜಿಂಗ್ ತೂತಿನಲ್ಲಿ ತೇವ ಇರುವಾಗ ವಿದ್ಯುತ್ತು ಹರಿದರೆ ಅಲ್ಲಿನ ಲೋಹ ಕೊರೆದು ಹಸಿರು ಕಿಲುಬು ಕಟ್ಟುತ್ತದೆ. ಎಷ್ಟೋ ‘ಕೆಟ್ಟ ಬ್ಯಾಟರಿ’ಗಳ ನಿಜವಾದ ರೋಗ ಈ ಕಿಲುಬು.

ರೋಗ ಬ್ಯಾಟರಿಯದ್ದೋ ಬೇರೆಯದ್ದೋ ಎಂದು ಮನೆಯಲ್ಲೇ ತಿಳಿಯಬಹುದು. ಚಾರ್ಜರ್ ಸಿಕ್ಕಿಸಿಟ್ಟು ಅದೇ ಪ್ರಸಂಗ ತೆರೆದು ಪುಟ ತಿರುಗಿಸಿ. ಸಿಕ್ಕಿಸಿದ್ದಾಗ ಆಫ್ ಆಗದೆ, ತೆಗೆದಾಗ ಮಾತ್ರ ಆಫ್ ಆದರೆ ಸಂಶಯ ಬ್ಯಾಟರಿಯ ಮೇಲೆ. ಸಿಕ್ಕಿಸಿದಾಗಲೂ ಪುಟ ನಿಧಾನವೇ ಆದರೆ ಸಂಗ್ರಹವನ್ನೂ ತಂತ್ರಾಂಶವನ್ನೂ ನೋಡಬೇಕು. ಬೆನ್ನು ಉಬ್ಬಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ಚಾರ್ಜು ಮಾಡಲೂ ಬೇಡ. ಒಳಗೆ ಅನಿಲ ತುಂಬಿದೆ ಎಂದರ್ಥ, ನೇರ ರಿಪೇರಿಯವರ ಹತ್ತಿರ ಒಯ್ಯಬೇಕು.

ಭಾಗವತರ ಟ್ಯಾಬ್‌ಗೆ ಎರಡೂ ತೊಂದರೆ ಇತ್ತು. ಸಂಗ್ರಹ ಕಂಠಮಟ್ಟ ತುಂಬಿತ್ತು. ಫ್ಲ್ಯಾಶ್ ಮೆಮೊರಿಗೆ ಒಂದು ವಿಚಿತ್ರ ಸ್ವಭಾವ ಇದೆ: ಬರೆಯುವುದು ಸಣ್ಣ ಸಣ್ಣ ತುಣುಕಿನಲ್ಲಿ, ಅಳಿಸುವುದು ದೊಡ್ಡ ದೊಡ್ಡ ಕಟ್ಟಿನಲ್ಲಿ. ಸ್ಲೇಟಿನಲ್ಲಿ ಒಂದು ಅಕ್ಷರ ತಿದ್ದಲು ಮಿಕ್ಕದ್ದನ್ನೆಲ್ಲ ಇನ್ನೊಂದು ಸ್ಲೇಟಿಗೆ ನಕಲು ಮಾಡಿ, ಮೊದಲಿನದನ್ನು ಪೂರ್ತಿ ಒರೆಸಬೇಕಾದ ಹಾಗೆ. ತೋಶಿಬಾದಲ್ಲಿ ಫುಜಿಯೊ ಮಸುವೊಕ 1980ರ ದಶಕದಲ್ಲಿ ಇದನ್ನು ಕಂಡುಹಿಡಿದಾಗ, ಇಡೀ ಕಟ್ಟು ಕ್ಯಾಮೆರಾ ಫ್ಲ್ಯಾಶಿನಂತೆ ಒಮ್ಮೆಲೇ ಅಳಿಯುತ್ತದೆಂದು ಅವರ ಸಹೋದ್ಯೋಗಿ ಆ ಹೆಸರು ಸೂಚಿಸಿದರು. ಖಾಲಿ ಸ್ಲೇಟುಗಳು ಇದ್ದಷ್ಟು ಕಾಲ ಕೆಲಸ ಸರಾಗ. ಜಾಗ ತುಂಬಿದರೆ ಪ್ರತಿ ಸಣ್ಣ ಕೆಲಸಕ್ಕೂ ಎತ್ತಿಡುವುದು, ಒರೆಸುವುದೇ ಆಗುತ್ತದೆ. ವಾಟ್ಸ್ಯಾಪಿನ ವೀಡಿಯೊಗಳನ್ನು ತೆಗೆದು ಹತ್ತರಲ್ಲಿ ಎರಡು ಪಾಲಾದರೂ ಜಾಗ ಖಾಲಿ ಬಿಟ್ಟರೆ ಅರ್ಧ ನಿಧಾನ ಅಲ್ಲಿಗೇ ಹೋಗುತ್ತದೆ.

ಇನ್ನರ್ಧ ಸ್ಕ್ಯಾನ್ ಪುಟಗಳದ್ದು. 5 ಇಂಚು ಅಗಲ, 7 ಇಂಚು ಉದ್ದದ ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 31.5 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದ ಸ್ಕ್ಯಾನಿನಲ್ಲಿ ಚುಕ್ಕೆಗೆ 3 ಬೈಟು. ಪುಟ ಬಿಚ್ಚಿದಾಗ ಸುಮಾರು 95 ಲಕ್ಷ ಬೈಟು. ಅದೇ ಪುಟ ಬರೀ ಕಪ್ಪು–ಬಿಳುಪಿನಲ್ಲಿದ್ದರೆ ಚುಕ್ಕೆಗೆ ಒಂದು ಬಿಟ್ ಸಾಕು, 4 ಲಕ್ಷ ಬೈಟಿನೊಳಗೆ ಮುಗಿಯುತ್ತದೆ. ಹಳದಿಯಾದ ಕಾಗದದ ಬಣ್ಣ ಪದ್ಯ ಹೇಳಲು ಬೇಕಿಲ್ಲ. ಪ್ರತಿಗಳನ್ನು ಕಪ್ಪು–ಬಿಳುಪಿಗೆ ಇಳಿಸಿದರೆ ಹಳೆಯ ಚಿಪ್ಪಿಗೇ ಕೆಲಸ ಹಗುರ.

ಇದನ್ನೆಲ್ಲ ಹೇಳುವಾಗ ನನಗೆ ಬೆಂಗಳೂರಿನ ಸಿಂಪ್ಯೂಟರ್ ನೆನಪಾಗುತ್ತದೆ. ಟ್ಯಾಬ್ ಎಂಬ ಮಾತು ನಮ್ಮ ಮನೆಗಳಿಗೆ ಬರುವ ಮೊದಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮುಂತಾದವರು ಸೇರಿ ಅಂಗೈಯಗಲದ ಗಣಕವೊಂದನ್ನು ರೂಪಿಸಿದರು. ಮಾದರಿ ಹೊರಬಂದದ್ದು 2001ರಲ್ಲಿ; ಬಿಇಎಲ್ ತಯಾರಿಸಿದ ‘ಅಮಿಡಾ’ 2004ರಲ್ಲಿ ಮಾರುಕಟ್ಟೆಗೆ ಬಂತು. ಕಡ್ಡಿಯಿಂದ ಪರದೆಯ ಮೇಲೆ ಬರೆಯಬಹುದಿತ್ತು, ಯಂತ್ರವನ್ನು ವಾಲಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಆಗ ಇನ್ನೂ ಮೂರು ವರ್ಷ ಇತ್ತು. ಹಳ್ಳಿಯ ಹಲವು ಮನೆಗಳಿಗೆ ಒಂದೇ ಯಂತ್ರ, ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡು ಎಂಬುದು ಅವರ ಯೋಚನೆ. ಆರಂಭದ ವಿನ್ಯಾಸದಲ್ಲಿ ಗೂಡಂಗಡಿಯಲ್ಲೂ ಸಿಗುವ ಸಣ್ಣ ಎಎಎ ಸೆಲ್ಲುಗಳನ್ನೇ ಹಾಕಬಹುದಿತ್ತು. ವ್ಯಾಪಾರದಲ್ಲಿ ಸಿಂಪ್ಯೂಟರ್ ನಿಲ್ಲಲಿಲ್ಲ. ಆದರೆ ಅದನ್ನು ಕಟ್ಟಿದವರು ಯಾರಿಗೆ, ಯಾವ ಕೆಲಸಕ್ಕೆ ಎಂದು ಕೇಳಿಕೊಂಡು ಶುರುಮಾಡಿದರು. ಸೆಲ್ಲು ಸವೆದರೆ ಯಂತ್ರ ಎಸೆಯಬೇಕೆಂಬ ಸ್ಥಿತಿ ಆ ಆರಂಭದ ವಿನ್ಯಾಸದಲ್ಲಿ ಇರಲಿಲ್ಲ.

ಅಂಟು ಹಾಕಿ ಮುಚ್ಚಿದ ಟ್ಯಾಬ್‌ಗಳು ಬಂದದ್ದು ಆಮೇಲೆ. ಈಗ ಗಾಳಿ ಸ್ವಲ್ಪ ತಿರುಗಿದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕಿಡುವ ಫೋನು, ಟ್ಯಾಬ್‌ಗಳ ಬ್ಯಾಟರಿ 800 ಬಾರಿ ಚಾರ್ಜಾದ ಮೇಲೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳಬೇಕೆಂಬ ನಿಯಮ ಬಂದಿದೆ. ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು. ನಮ್ಮಲ್ಲಿ ಅಷ್ಟು ಬಿಗಿಯಾದ ನಿಯಮ ಬರಲೇಬೇಕು.

ಹಾಗಾದರೆ ಹೊಸದು ಎಂದಿಗೂ ಬೇಡವೇ? ಬೇಕಾಗುವ ದಿನ ಬರುತ್ತದೆ, ಆ ದಿನವನ್ನು ತರುವುದು ತಂತ್ರಾಂಶ. ತಂತ್ರಾಂಶ ಭಾರವಾಗುವ ವೇಗ ಯಂತ್ರ ಚುರುಕಾಗುವ ವೇಗವನ್ನು ಮೀರುತ್ತದೆ ಎಂದು ಸ್ವಿಸ್ ಗಣಕವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು. ಅದಕ್ಕಿಂತ ಮುಖ್ಯ, ಕಂಪನಿ ಭದ್ರತಾ ಅಪ್‌ಡೇಟ್ ನಿಲ್ಲಿಸಿದ ಮೇಲೆ ಆ ಟ್ಯಾಬ್‌ನಲ್ಲಿ ಬ್ಯಾಂಕು, ಯುಪಿಐ, ಈಮೇಲ್ ಇಟ್ಟುಕೊಳ್ಳುವುದು ಬಾಗಿಲಿಗೆ ಚಿಲಕ ಹಾಕದೆ ಮಲಗಿದಂತೆ. ಆದರೆ ಇಂಟರ್‌ನೆಟ್ಟಿಗೇ ಜೋಡಿಸದೆ ಪ್ರಸಂಗ ಓದಲು ಮಾತ್ರ ಬಳಸುವ ಟ್ಯಾಬ್‌ಗೆ ಆ ಭಯ ಇಲ್ಲ.

ವಿದ್ಯುತ್ ಉಳಿತಾಯಕ್ಕೆಂದು ಹೊಸದು ಕೊಳ್ಳುವ ಮಾತೂ ನಿಲ್ಲುವುದಿಲ್ಲ. 30 ವಾಟ್-ಗಂಟೆಯ ಬ್ಯಾಟರಿಯನ್ನು ದಿನವೂ ಪೂರ್ತಿ ತುಂಬಿಸಿದರೂ, ಚಾರ್ಜರಿನಲ್ಲಿ ಸೋರುವುದನ್ನು ಸೇರಿಸಿ, ವರ್ಷಕ್ಕೆ ಹದಿಮೂರು ಹದಿನಾಲ್ಕು ಯೂನಿಟ್. ಟ್ಯಾಬ್ ಭೂಮಿಯ ಮೇಲೆ ಹೇರುವ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಬಿದ್ದಿರುತ್ತದೆ. ಒಂದನ್ನು ಎರಡು ವರ್ಷ ಹೆಚ್ಚು ಬಳಸಿದರೆ ಆ ಹೊರೆಯನ್ನು ಅಷ್ಟು ಹೆಚ್ಚು ವರ್ಷಗಳಿಗೆ ಹಂಚಿದಂತೆ.

ಭಾಗವತರು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಇದೆಯೋ ಎಂದು ನೋಡಿ ಉಡುಪಿಯಲ್ಲಿ ಬ್ಯಾಟರಿ ಹಾಕಿಸಿದರು. ಬ್ಯಾಂಕಿನ ಆ್ಯಪ್ ಫೋನಿಗೆ ಹೋಯಿತು, ವೀಡಿಯೊಗಳು ಖಾಲಿಯಾದವು. ನವರಾತ್ರಿಯಲ್ಲಿ ಮತ್ತೆ ಫೋನ್ ಬಂತು. “ನಿನ್ನೆ ಮಂಗಳಪದ ಹೇಳಿ ಮುಗಿಸುವಾಗ ಇನ್ನೂ ನಲ್ವತ್ತೊಂದು ಇತ್ತು. ಮಗಳಿಗೆ ಏನು ಹೇಳಲಿ?”

ಎರಡು ವರ್ಷ ತಡೆಯಲು ಹೇಳಿ ಎಂದೆ. ಆಮೇಲೆ ಕೊಳ್ಳುವಾಗ ಕ್ಯಾಮೆರಾ, ವೇಗದ ಲೆಕ್ಕ ಬೇಡ. ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಬ್ಯಾಟರಿ ಎಲ್ಲಿ ಬದಲಿಸಿ ಕೊಡುತ್ತಾರೆ ಎಂದು ಅಂಗಡಿಯವರನ್ನು ಕೇಳಲಿ. ಉತ್ತರ ಬಾಯಿಮಾತಿನಲ್ಲಿ ಸಾಲದು, ಬರಹದಲ್ಲಿ ತೋರಿಸಲಿ.