ನೆಲದೊಳಗಿನ ರೈಲಿಗೆ ಹೊಗೆ ಎಲ್ಲಿ?

ಟಿ. ನರಸೀಪುರದ ಕಡೆಯ ಒಬ್ಬ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಅವರ ಮೊಮ್ಮಗುವನ್ನು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಸೇರಿಸಿದ್ದರು. "ರೈಲು ಇಳಿದು ಮೆಟ್ರೋ ಹತ್ತಿ ಬಾರವ್ವ" ಅಂತ ಮಗಳು ಫೋನಿನಲ್ಲಿ ಹೇಳಿದಳಂತೆ. ಅಕ್ಕನಿಗೆ ಒಂದೇ ಭಯ. ನನ್ನನ್ನು ಕೇಳಿದರು:

"ಅಲ್ಲಾ ಟೀಚರೇ, ರೈಲು ನೆಲದೊಳಕ್ಕೆ ಹೋದ್ರೆ ಹೊಗೆ ಎಲ್ಲಿಗೋಯ್ತದೆ? ಉಸ್ರು ಕಟ್ಟಲ್ವಾ?"

ಕೆಲವರು ನಕ್ಕರು. ಆದರೆ ಇದು ನಗುವ ಪ್ರಶ್ನೆ ಅಲ್ಲ. ಈ ಅಕ್ಕ ಚಿಕ್ಕವರಿದ್ದಾಗ ನಂಜನಗೂಡಿನ ಕಪಿಲಾ ನದಿಯ ಹಳೇ ಸೇತುವೆ ಮೇಲೆ ಉಗಿಬಂಡಿ ಹೋಗುವುದನ್ನು ಕಂಡವರು. ಆ ಸೇತುವೆ ಕಟ್ಟಿದ್ದು 1735ರಲ್ಲಿ. ಒಂದೇ ಸೇತುವೆ ಮೇಲೆ ರಸ್ತೆಯೂ ಇತ್ತು, ಕಂಬಿಯೂ ಇತ್ತು. 2007ರವರೆಗೂ ಅಲ್ಲಿ ರೈಲು ಓಡಿತು. ಅಂಥವರಿಗೆ ರೈಲು ಅಂದರೆ ಹೊಗೆಯೇ ಮೊದಲು ನೆನಪಾಗುವುದು.

ಅಕ್ಕನ ಪ್ರಶ್ನೆಯನ್ನು ಲಂಡನ್ ಪಟ್ಟಣದ ಜನ ಬಹಳ ಹಿಂದೆಯೇ ಕೇಳಿದ್ದರು. ಲೋಕದ ಮೊದಲ ನೆಲದೊಳಗಿನ ರೈಲು ಅಲ್ಲಿ 1863ರಲ್ಲಿ ಶುರುವಾಯಿತು. ಅದನ್ನು ಎಳೆದದ್ದು ಉಗಿಯ ಎಂಜಿನ್! ಸುರಂಗದ ತುಂಬ ಹೊಗೆ. ಜನ ಕೆಮ್ಮಿ ಕೆಮ್ಮಿ ಸಾಕಾದರು. 1890ರಲ್ಲಿ ಅಲ್ಲೇ ಕರೆಂಟಿನಿಂದ ಓಡುವ ಸುರಂಗ ರೈಲು ಬಂತು. ಜಪಾನಿನ ಟೋಕಿಯೋದಲ್ಲಿ 1927ರಲ್ಲಿ ಬಂತು. ನಮ್ಮ ಬೆಂಗಳೂರಿಗೆ ಬರುವ ಹೊತ್ತಿಗೆ ಹೊಗೆಯ ಕಾಟ ಯಾವಾಗಲೋ ಮುಗಿದಿತ್ತು.

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದೊಡ್ಡ ರೈಲಿಗೆ ನೆತ್ತಿಯ ಮೇಲೆ ತಂತಿ ಇರುತ್ತದೆ. ನೀವು ನೋಡಿದ್ದೀರಿ. ಮೆಟ್ರೋಗೆ ಮೇಲೆ ತಂತಿ ಇಲ್ಲ. ಚಕ್ರ ಓಡುವ ಎರಡು ಕಂಬಿಗಳ ಪಕ್ಕದಲ್ಲಿ ಇನ್ನೊಂದು ಕಂಬಿ ಇರುತ್ತದೆ. ಅದರಲ್ಲಿ ಕರೆಂಟು ಹರಿಯುತ್ತದೆ. ರೈಲಿನ ಪಕ್ಕದಿಂದ ಚಾಚಿದ ಕೈಯಂಥ ಒಂದು ಭಾಗ ಆ ಕಂಬಿಯನ್ನು ಸವರುತ್ತಾ ಹೋಗುತ್ತದೆ. ಆ ಕರೆಂಟು ಬೋಗಿಯ ಕೆಳಗಿರುವ ಮೋಟಾರುಗಳಿಗೆ ಹೋಗಿ ಚಕ್ರ ತಿರುಗುತ್ತದೆ.

ನಮ್ಮ ಮನೆಯ ಕರೆಂಟು 230 ವೋಲ್ಟ್. ಆ ಮೂರನೇ ಕಂಬಿಯದು 750 ವೋಲ್ಟ್. ಮುಟ್ಟಿದರೆ ಜೀವ ಹೋಗುತ್ತದೆ. 2024ರ ಜನವರಿ 1ರಂದು ಇಂದಿರಾನಗರ ನಿಲ್ದಾಣದಲ್ಲಿ ಒಬ್ಬ ಹೆಂಗಸಿನ ಮೊಬೈಲು ಕಂಬಿಯ ಕಡೆ ಬಿತ್ತು. ಎತ್ತಿಕೊಳ್ಳಲು ಅವರು ಕೆಳಗೆ ಇಳಿದೇಬಿಟ್ಟರು. ಸಿಬ್ಬಂದಿ ಕೂಡಲೇ ಕರೆಂಟು ನಿಲ್ಲಿಸಿದರು, ಅವರು ಉಳಿದರು. ಮೊಬೈಲೇ ಬೀಳಲಿ, ಚೀಲವೇ ಬೀಳಲಿ, ನೀವು ಇಳಿಯಬೇಡಿ. ಅಲ್ಲಿರುವ ಸಿಬ್ಬಂದಿಗೆ ಹೇಳಿ.

ಇನ್ನೊಂದು ಜಾಣತನ ಈ ರೈಲಿನಲ್ಲಿದೆ. ಸೈಕಲ್ಲಿನ ಡೈನಮೋ ನೆನಪಿದೆಯಾ? ಅದನ್ನು ಚಕ್ರಕ್ಕೆ ಒತ್ತಿದರೆ ದೀಪ ಹತ್ತುತ್ತದೆ, ಆದರೆ ಪೆಡಲು ಭಾರವಾಗುತ್ತದೆ. ಮೆಟ್ರೋ ನಿಲ್ಲಬೇಕಾದಾಗಲೂ ಹಾಗೇ. ಮೋಟಾರು ಡೈನಮೋ ಥರ ಕೆಲಸ ಮಾಡಿ ಕರೆಂಟು ಹುಟ್ಟಿಸುತ್ತದೆ. ಚಕ್ರ ಭಾರವಾಗಿ ವೇಗ ಇಳಿಯುತ್ತದೆ. ಹುಟ್ಟಿದ ಕರೆಂಟು ಕಂಬಿಗೆ ವಾಪಸ್ಸು ಹೋಗಿ ಹತ್ತಿರದ ಇನ್ನೊಂದು ರೈಲಿಗೆ ಸಿಗುತ್ತದೆ. ಕಡ ಕೊಟ್ಟು ಕಡ ತಗೊಂಡ ಹಾಗೆ.

ಈ ರೈಲು ಎಲ್ಲಿಯದು? 2009ರಲ್ಲಿ 150 ಬೋಗಿಗಳಿಗೆ 1,672 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಭಾಗಿಸಿ ನೋಡಿ, ಒಂದು ಬೋಗಿಗೆ ಸುಮಾರು 11 ಕೋಟಿ! ಕೆಲಸ ವಹಿಸಿಕೊಂಡದ್ದು ನಮ್ಮ ಬಿ.ಇ.ಎಂ.ಎಲ್. ಕಾರ್ಖಾನೆ. ಅದಕ್ಕೆ ಮೈಸೂರಿನಲ್ಲೂ ಒಂದು ಘಟಕ ಇದೆ, ಆದರೆ ಬೋಗಿಗಳು ತಯಾರಾಗುವುದು ಬೆಂಗಳೂರಿನಲ್ಲಿ. ಜೊತೆಗೆ ಕೊರಿಯಾದ ಹ್ಯುಂಡೈ ರೋಟೆಮ್ ಮತ್ತು ಜಪಾನಿನ ಮಿತ್ಸುಬಿಷಿ ಕಂಪನಿಗಳು ಸೇರಿದವು. ಮೆಟ್ರೋ ಮಾರ್ಗ ಕಟ್ಟಲು ಜಪಾನ್ ಸಾಲವನ್ನೂ ಕೊಟ್ಟಿದೆ.

2011ರ ಅಕ್ಟೋಬರ್ 20ರಂದು ಈ ರೈಲು ಮೊದಲ ಸಲ ಜನರನ್ನು ಹೊತ್ತು ಓಡಿತು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, 6 ನಿಲ್ದಾಣ, 7 ಕಿಲೋಮೀಟರಿಗೂ ಕಡಿಮೆ. ಆಗ ಓಡಿದ್ದು ಹೆಚ್ಚಾಗಿ ಕಂಬಗಳ ಮೇಲಿನ ಸೇತುವೆಯಲ್ಲೇ. ನೆಲದೊಳಕ್ಕೆ ಇಳಿದದ್ದು 2016ರ ಏಪ್ರಿಲ್ ಕೊನೆಗೆ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗವೂ ತೆರೆಯಿತು. ಅದನ್ನು ಕೊರೆದ ಯಂತ್ರಗಳಲ್ಲಿ ಒಂದರ ಹೆಸರು ಕಾವೇರಿ. ಸಂಗಮದ ಊರಿನವರಾದ ನಮಗೆ ಈ ಹೆಸರು ಕೇಳಿ ಖುಷಿಯಾಯಿತು.

ಮೊದಲು ಒಂದು ರೈಲಿಗೆ ಮೂರೇ ಬೋಗಿ. ಜನ ಹೆಚ್ಚಿದರು. ಬೆಳಿಗ್ಗೆ, ಸಂಜೆ ಕಾಲಿಡಲು ಜಾಗ ಇಲ್ಲ. ಹೆಂಗಸರಿಗೆ ಬಹಳ ತೊಂದರೆಯಾಯಿತು. ಮತ್ತೆ 150 ಬೋಗಿ ಮಾಡಿಸಿದರು. 2018ರ ಜೂನ್ 22ರಂದು ಆರು ಬೋಗಿಯ ಮೊದಲ ರೈಲು ಬಂತು. ಅದರಲ್ಲಿ ಮುಂದಿನ ಬೋಗಿಯನ್ನು ಹೆಂಗಸರಿಗೇ ಅಂತ ಬಿಟ್ಟರು. ಕೊರೋನಾ ಕಾಲದಲ್ಲಿ, 2020ರ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ರೈಲು ನಿಂತಿತ್ತು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಇದೆ, ಸುಮಾರು 43 ಕಿಲೋಮೀಟರ್.

ರೈಲಿನಲ್ಲಿ "ಮುಂದಿನ ನಿಲ್ದಾಣ" ಅಂತ ಕನ್ನಡದಲ್ಲಿ ಹೇಳುತ್ತಾರಲ್ಲ, ಆ ದನಿ ನಿರೂಪಕಿ ಅಪರ್ಣಾ ಅವರದು. 2024ರ ಜುಲೈನಲ್ಲಿ ಅವರು ತೀರಿಕೊಂಡರು.

"ನಮ್ಮಂಥವರನ್ನ ಒಳಕ್ಕೆ ಬಿಡ್ತಾರಾ?" ಇದೂ ಅಕ್ಕನೇ ಕೇಳಿದ್ದು. ಹೀಗೆ ಕೇಳಲು ಕಾರಣ ಇದೆ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ಒಬ್ಬ ರೈತರನ್ನು ಬಟ್ಟೆ ಕೊಳೆಯಾಗಿದೆ ಅಂತ ತಡೆದರು. ಅವರ ತಲೆ ಮೇಲೆ ಒಂದು ಗಂಟು, ಕೈಯಲ್ಲಿ ಟಿಕೆಟ್. ಅಲ್ಲಿದ್ದ ಬೇರೆ ಪ್ರಯಾಣಿಕರು ಸುಮ್ಮನಿರಲಿಲ್ಲ. "ಯಾವ ಕಾನೂನಿನಲ್ಲಿ ಹೀಗಿದೆ?" ಅಂತ ಜಗಳ ತೆಗೆದು ಅವರನ್ನು ಒಳಗೆ ಕರೆದುಕೊಂಡು ಹೋದರು. ತಡೆದವರನ್ನು ಮೆಟ್ರೋ ನಿಗಮ ಕೆಲಸದಿಂದ ತೆಗೆಯಿತು. ಟಿಕೆಟ್ ಇದ್ದ ಮೇಲೆ ಸೀರೆ ಹಳೇದೋ ಹೊಸದೋ, ಯಾರೂ ಕೇಳುವಂತಿಲ್ಲ.

ಆದರೆ ದುಡ್ಡು ಕೊಡಬೇಕು. ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಬಿಟ್ಟಿ ಇದ್ದರೂ ಮೆಟ್ರೋದಲ್ಲಿ ಆ ಸವಲತ್ತು ಇಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿದರು. ಅತಿ ದೂರದ ಟಿಕೆಟ್ 60 ರೂಪಾಯಿ ಇದ್ದದ್ದು 90 ಆಯಿತು. ಕೂಲಿ ಮಾಡುವವರಿಗೆ ಇದು ಹೆಚ್ಚೇ, ಹಾಗಂತ ನನ್ನ ಅಭಿಪ್ರಾಯ.

ಅಕ್ಕನಿಗೆ ಒಂದು ಚೀಟಿಯಲ್ಲಿ ಮೂರು ಹೆಸರು ಬರೆದುಕೊಟ್ಟೆ: ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ. ಬೆಂಗಳೂರು ರೈಲು ನಿಲ್ದಾಣದಲ್ಲಿ ಇಳಿದು, ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಮುಂದಿನದೇ ಮೆಜೆಸ್ಟಿಕ್. ಅಲ್ಲಿ ಇಳಿದು ಇನ್ನೂ ಕೆಳಗಿನ ಅಂತಸ್ತಿಗೆ ಹೋಗಿ ಹಸಿರು ಮಾರ್ಗದ ರೈಲು ಹಿಡಿಯಬೇಕು. ಎರಡನೇ ನಿಲ್ದಾಣವೇ ಕೆ.ಆರ್. ಮಾರುಕಟ್ಟೆ. ಹೊರಗೆ ಬಂದರೆ ವಾಣಿವಿಲಾಸ ಹತ್ತಿರ. ಬೋರ್ಡುಗಳಲ್ಲಿ ಕನ್ನಡ ಇರುತ್ತದೆ, ನಿಧಾನವಾಗಿ ಓದಿಕೊಳ್ಳಬಹುದು.

ಟಿಕೆಟ್ ಬದಲು ಬಿಲ್ಲೆಯಂಥ ಟೋಕನ್ ಕೊಟ್ಟರೆ ಜೋಪಾನ. ಒಳಗೆ ಹೋಗುವಾಗ ಅದನ್ನು ಗೇಟಿಗೆ ತೋರಿಸಬೇಕು, ಹೊರಗೆ ಬರುವಾಗ ಗೇಟಿನ ಸಂದಿಗೆ ಹಾಕಬೇಕು. ನಮ್ಮ ಅಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೂತಿದ್ದರಂತೆ.