ಜೋಳದ ದಂಟಿನ ಬಂಡಿ

ಮಕ್ಕಳೇ, ಸುಗ್ಗಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ಕುಳಿತು ನೀವು ಎಂದಾದರೂ ಜೋಳದ ದಂಟಿನಿಂದ ಬಂಡಿ ಮಾಡಿರುವಿರಾ? ಅದೇ ದಂಟಿನಿಂದ ಕನ್ನಡಕ ಮಾಡಿ ಮೂಗಿನ ಮೇಲೆ ಇಟ್ಟುಕೊಂಡಿರುವಿರಾ? ಮಾಡಿದ್ದರೆ ಈ ಪಾಠದ ಅರ್ಧ ನಿಮಗೆ ಈಗಾಗಲೇ ಗೊತ್ತಿದೆ. ಇಲ್ಲದಿದ್ದರೆ ಇಂದು ಸಂಜೆ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿರಿ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಬೆಳೆದ ಹಿರಿಯರಿಗೆ ಅದು ಚೆನ್ನಾಗಿ ಗೊತ್ತು.

ಒಣಗಿದ ಜೋಳದ ದಂಟನ್ನು ಕೈಯಲ್ಲಿ ಹಿಡಿದು ನೋಡಿರಿ. ಅದರ ಹೊರಗಿನ ಸಿಪ್ಪೆ ಗಟ್ಟಿಯಾಗಿದೆ, ನುಣುಪಾಗಿದೆ. ಒಳಗಿನ ಬೆಂಡು ಹಗುರವಾಗಿದೆ, ಮೆತ್ತಗಿದೆ. ಸಿಪ್ಪೆಯನ್ನು ಉದ್ದಕ್ಕೆ ಸೀಳಿದರೆ ಸಿಬಿರು ಸಿಗುತ್ತದೆ. ಆ ಸಿಬಿರಿನ ತುದಿಯನ್ನು ಬೆಂಡಿಗೆ ಚುಚ್ಚಿರಿ. ಬೆಂಡು ತಾನೇ ಅಮುಕಿ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಂಟು ಬೇಡ, ಮೊಳೆ ಬೇಡ, ದಾರವೂ ಬೇಡ. ಸಿಬಿರನ್ನು ಬಗ್ಗಿಸಿ ಎರಡೂ ತುದಿಗಳನ್ನು ಒಂದೇ ಬೆಂಡಿನ ತುಂಡಿಗೆ ಚುಚ್ಚಿದರೆ ಗಾಲಿಯಾಯಿತು. ಅಂತಹ ಎರಡು ಬಳೆಗಳನ್ನು ಜೋಡಿಸಿ ಕಿವಿಗೆ ಕಡ್ಡಿ ಸಿಕ್ಕಿಸಿದರೆ ಕನ್ನಡಕವಾಯಿತು. ಒಂದು ಎಚ್ಚರಿಕೆ ಮಾತ್ರ ಇರಲಿ. ಸಿಬಿರಿನ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಬೆರಳು ಜೋಪಾನ!

ನಾನು ಒಮ್ಮೆ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಬೇಕು. ಬಹಳ ವರ್ಷಗಳ ಹಿಂದೆ ತರಗತಿಯ ಮಕ್ಕಳಿಗೆ ಕೈಕೆಲಸದ ವಸ್ತುಗಳನ್ನು ಮಾಡಿ ತರಲು ಹೇಳಿದ್ದೆ. ಹೆಚ್ಚಿನವರು ಅಂಗಡಿಯಿಂದ ಥರ್ಮಾಕೋಲ್, ಮಿಂಚಿನ ಕಾಗದ ಕೊಂಡು ಮನೆ, ಗುಡಿ ಮಾಡಿ ತಂದರು. ಒಬ್ಬ ಹುಡುಗ ಮಾತ್ರ ದಂಟಿನ ಬಂಡಿ ತಂದಿದ್ದ. ಅದಕ್ಕೆ ನೊಗವಿತ್ತು, ಗಾಲಿಗಳಿದ್ದವು, ಗಾಡಿ ಹೊಡೆಯುವವನೂ ಇದ್ದ. ನಾನು ಅದನ್ನು ಮೇಜಿನ ಹಿಂದಿನ ಸಾಲಿನಲ್ಲಿ ಇಟ್ಟೆ. "ಇದು ದನದ ಮೇವಲ್ಲವೇ?" ಎಂದು ನಕ್ಕೆ. ಆ ಹುಡುಗ ಏನೂ ಮಾತಾಡಲಿಲ್ಲ. ಮರುವರ್ಷ ಅವನೂ ಥರ್ಮಾಕೋಲಿನ ಮನೆ ತಂದ. ಅದನ್ನು ನೋಡಿದಾಗ ನಾನು ಏನು ಮಾಡಿದೆನೆಂಬುದು ನನಗೆ ತಿಳಿಯಿತು.

ನಮ್ಮ ಸೀಮೆಯಲ್ಲಿ ಇಂತಹ ಕಲೆ ಒಂದೇ ಅಲ್ಲ, ಹಲವು ಇವೆ. ಜ್ಯೇಷ್ಠ ಮಾಸದ ಅಮಾವಾಸ್ಯೆಯನ್ನು ಮಣ್ಣೆತ್ತಿನ ಅಮಾವಾಸ್ಯೆ ಎಂದು ಕರೆಯುತ್ತೇವೆ. ಅಂದು ಹೊಲದ ಜಿಗಟು ಮಣ್ಣನ್ನು ತಂದು, ನಾದಿ, ಜೋಡಿ ಎತ್ತು ಮಾಡುತ್ತೇವೆ. ಒಂದು ಮನೆಯ ಎತ್ತಿನಂತೆ ಇನ್ನೊಂದು ಮನೆಯ ಎತ್ತು ಇರುವುದಿಲ್ಲ. ಒಂದರ ಕೊಂಬು ಉದ್ದ, ಒಂದರ ಭುಜ ದೊಡ್ಡದು. ಬಿತ್ತನೆಯ ಕಾಲದಲ್ಲಿ ದುಡಿಯುವ ಎತ್ತಿಗೂ ಅನ್ನ ಕೊಡುವ ಮಣ್ಣಿಗೂ ಒಟ್ಟಿಗೆ ಕೈಮುಗಿಯುವ ಹಬ್ಬ ಇದು.

ಮಹಾಲಯ ಅಮಾವಾಸ್ಯೆ ಬಂದಿತೆಂದರೆ ತೆಲಂಗಾಣದಲ್ಲೆಲ್ಲ ಬತುಕಮ್ಮ ಹಬ್ಬ ಆರಂಭವಾಗುತ್ತದೆ. 2014ರಲ್ಲಿ ಇದನ್ನು ರಾಜ್ಯದ ಹಬ್ಬವೆಂದು ಘೋಷಿಸಲಾಯಿತು. ತಟ್ಟೆಯ ಮೇಲೆ ಎಲೆ ಹಾಸಿ, ಹೂಗಳನ್ನು ವೃತ್ತ ವೃತ್ತವಾಗಿ ಪೇರಿಸಿ, ಗೋಪುರದಂತೆ ಮೇಲಕ್ಕೆ ಕಟ್ಟುತ್ತಾರೆ. ಆ ಹೂಗಳು ಯಾವುವು? ಬೀಳು ನೆಲದಲ್ಲಿ ತಾನಾಗಿ ಬೆಳೆಯುವ ಹಳದಿ ತಂಗಡಿ ಹೂ, ತೆಲುಗಿನಲ್ಲಿ ಗುನುಗು ಎನ್ನುವ ಹೂ, ಹಿತ್ತಲಿನ ಕುಂಬಳದ ಹೂ. ಗುನುಗನ್ನು ರೈತರು ಹೊಲದಲ್ಲಿ ಕಳೆಯೆಂದು ಕಿತ್ತು ಎಸೆಯುತ್ತಾರೆ. ಹಬ್ಬದ ದಿನ ಅದಕ್ಕೆ ಬಣ್ಣ ಹಾಕಿ ಬತುಕಮ್ಮನಲ್ಲಿ ಸಾಲು ಸಾಲಾಗಿ ಜೋಡಿಸುತ್ತಾರೆ. ಸುತ್ತಲೂ ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಕೊನೆಗೆ ಅದನ್ನು ಕೆರೆಯ ನೀರಿಗೆ ಬಿಡುತ್ತಾರೆ.

ಇನ್ನು ನಿಮ್ಮ ಮನೆಯ ಕೌದಿಯನ್ನು ನೋಡಿರಿ. ಇದನ್ನೇ ತೆಲುಗಿನಲ್ಲಿ ಬೊಂತ ಎನ್ನುತ್ತಾರೆ. ನಾರಾಯಣಪೇಟೆ ಮತ್ತು ಗದ್ವಾಲ ಸೀರೆಗಳಿಗೆ ದೇಶದಲ್ಲೆಲ್ಲ ಹೆಸರಿದೆ. ನಾರಾಯಣಪೇಟೆಯ ಸೀರೆಯಲ್ಲಿ ಚೌಕಳಿಗಳು ಎದ್ದು ಕಾಣುತ್ತವೆ. ಗದ್ವಾಲ ಸೀರೆಯ ಒಡಲು ಹತ್ತಿ ನೂಲಿನದು, ಅಂಚು ಮತ್ತು ಸೆರಗು ರೇಷ್ಮೆಯವು. ಹೊಸ ಸೀರೆಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಹರಿದ ಸೀರೆಯ ಕಥೆ ಮುಗಿಯುವುದಿಲ್ಲ. ಹಳೆಯ ಸೀರೆ, ಧೋತರ, ಅಂಗಿಗಳ ಗಟ್ಟಿ ಭಾಗಗಳನ್ನು ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಓಟದ ಹೊಲಿಗೆಯಿಂದ ಕೂಡಿಸುತ್ತಾರೆ. ಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ಎಷ್ಟೋ ಸಲ ಒಗೆದ ನೂಲಾದ್ದರಿಂದ ಅದು ಮೆತ್ತಗಿರುತ್ತದೆ. ಯಾವ ತುಂಡಿನ ಪಕ್ಕದಲ್ಲಿ ಯಾವ ತುಂಡು ಬರಬೇಕು ಎಂಬುದಕ್ಕೆ ಪುಸ್ತಕವಿಲ್ಲ. ಹೊಲಿಯುವವಳ ಕಣ್ಣೇ ಅದನ್ನು ನಿರ್ಧರಿಸುತ್ತದೆ. ಕೆಂಪಿನ ಪಕ್ಕ ಹಸಿರು, ಚೌಕಳಿಯ ಪಕ್ಕ ಹೂವು. ಹೀಗೆ ಅಜ್ಜಿಯ ಸೀರೆ, ಅಪ್ಪನ ಅಂಗಿ, ತಂಗಿಯ ಲಂಗ ಒಂದೇ ಕೌದಿಯಲ್ಲಿ ಸೇರುತ್ತವೆ.

ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಗಳಲ್ಲಿ ಸಿದ್ದಿ ಜನರಿದ್ದಾರೆ. ಇವರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು. ಸಿದ್ದಿ ಮಹಿಳೆಯರ ಕೌದಿಯ ನಾಲ್ಕು ಮೂಲೆಗಳಲ್ಲಿ ಮಡಿಚಿದ ಬಣ್ಣದ ಚಿಂದಿಯ ತ್ರಿಕೋನಗಳಿರುತ್ತವೆ. ಅವನ್ನು 'ಫೂಲ' ಎನ್ನುತ್ತಾರೆ, ಅಂದರೆ ಹೂ. ಚಳಿ ತಡೆಯಲು ಈ ಹೂವು ಬೇಕಿಲ್ಲ. ಆದರೂ ಅದಿಲ್ಲದ ಕೌದಿ ಬೆತ್ತಲೆ ಎಂದು ಅವರು ಭಾವಿಸುತ್ತಾರೆ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನಲ್ಲಿಯೂ ಆಫ್ರಿಕಾ ಮೂಲದ ಮಹಿಳೆಯರು ಹಳೆಯ ದುಡಿಮೆಯ ಬಟ್ಟೆಗಳಿಂದ ಕೌದಿ ಹೊಲಿಯುತ್ತ ಬಂದಿದ್ದಾರೆ. 2002ರಲ್ಲಿ ಆ ಕೌದಿಗಳನ್ನು ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶಿಸಲಾಯಿತು. 2006ರಲ್ಲಿ ಅವುಗಳ ಚಿತ್ರವಿರುವ ಅಂಚೆಚೀಟಿಗಳು ಹೊರಬಂದವು. ಹಾಸಿಗೆಯ ಮೇಲಿದ್ದಾಗಲೂ ಗೋಡೆಯ ಮೇಲೆ ತೂಗಿದಾಗಲೂ ಕೌದಿ ಅದೇ. ನೋಡುವವರ ಕಣ್ಣು ಮಾತ್ರ ಬದಲಾಗಿತ್ತು.

ಪಿಕಾಸೋ ಎಂಬ ಪ್ರಸಿದ್ಧ ಕಲಾವಿದನ ಹೆಸರನ್ನು ನೀವು ಕೇಳಿರಬಹುದು. ಅವನು 1942ರಲ್ಲಿ ಹಳೆಯ ಸೈಕಲ್ಲಿನ ಸೀಟನ್ನೂ ಹ್ಯಾಂಡಲನ್ನೂ ಜೋಡಿಸಿದನು. ಸೀಟು ಮುಖವಾಯಿತು, ಹ್ಯಾಂಡಲ್ ಕೊಂಬಾಯಿತು. ನೋಡುವವರಿಗೆ ಕಂಡದ್ದು ಗೂಳಿಯ ತಲೆ! ನಿಮ್ಮ ಮಣ್ಣೆತ್ತನ್ನು ಇದರ ಪಕ್ಕದಲ್ಲಿ ಇಟ್ಟರೆ ನಾಚಬೇಕಾದುದೇನೂ ಇಲ್ಲ.

ನಮ್ಮ ದೇಶದ ನೇಕ್ ಚಂದ್ ಅವರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅವರು ಚಂಡೀಗಢದಲ್ಲಿ ರಸ್ತೆ ಕೆಲಸದ ಇನ್ಸ್‌ಪೆಕ್ಟರ್ ಆಗಿದ್ದರು. ಹೊಸ ನಗರ ಕಟ್ಟುವಾಗ ಹಳೆಯ ಹಳ್ಳಿಗಳು ತೆರವಾದವು. ಅಲ್ಲಿ ಉಳಿದ ಒಡೆದ ಬಳೆ, ಪಿಂಗಾಣಿ, ಹೆಂಚುಗಳನ್ನು ಅವರು ಸೈಕಲ್ ಮೇಲೆ ಹೊತ್ತು ತಂದರು. 1950ರ ದಶಕದ ಕೊನೆಯಿಂದ ಹಲವು ವರ್ಷ ಸರ್ಕಾರದ ಕಾಡು ಜಾಗದಲ್ಲಿ ಗುಟ್ಟಾಗಿ ಗೊಂಬೆಗಳನ್ನು ಮಾಡಿದರು. ಅಧಿಕಾರಿಗಳಿಗೆ ವಿಷಯ ತಿಳಿದಾಗ ಅದನ್ನು ಕೆಡವುವ ಮಾತೂ ಬಂದಿತು. ಆದರೆ ಜನ ಬಂದು ನೋಡಿ ಮೆಚ್ಚಿದರು. 1976ರಲ್ಲಿ ಅದು 'ರಾಕ್ ಗಾರ್ಡನ್' ಎಂಬ ಉದ್ಯಾನವಾಗಿ ಎಲ್ಲರಿಗೂ ತೆರೆಯಿತು. 1984ರಲ್ಲಿ ನೇಕ್ ಚಂದ್ ಅವರಿಗೆ ಪದ್ಮಶ್ರೀ ದೊರೆಯಿತು. 2015ರಲ್ಲಿ ಅವರು ತೀರಿಕೊಂಡರು. ಒಡೆದ ಬಳೆಗಳ ಗೊಂಬೆಗಳು ಇಂದಿಗೂ ಅಲ್ಲಿ ನಿಂತಿವೆ.

ಈಗ ಮತ್ತೆ ನಮ್ಮ ಹೊಲಕ್ಕೆ ಬರೋಣ. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಇಂದು ಹತ್ತಿ, ಭತ್ತ ಬೆಳೆಯುತ್ತಿವೆ. ದಂಟು ಕಡಿಮೆಯಾದಂತೆ ದಂಟಿನ ಬಂಡಿಯೂ ಕಡಿಮೆಯಾಗಿದೆ. ಬಂಡಿಯ ಜೊತೆಗೆ ಸಿಬಿರು, ಬೆಂಡು, ನೊಗ ಎಂಬ ಮಾತುಗಳೂ ಮಕ್ಕಳ ಬಾಯಿಂದ ಮರೆಯಾಗುತ್ತಿವೆ. ಗಡಿಯ ಈಚೆಗಿರುವ ನಮಗೆ ಕನ್ನಡ ಶಾಲೆಯ ಪುಸ್ತಕದಲ್ಲಷ್ಟೇ ಸಿಗುವ ಭಾಷೆಯಲ್ಲ. ಅದು ಕೈಕೆಲಸದಲ್ಲಿಯೂ ಇದೆ. ಕೈ ಮರೆತ ವಸ್ತುವಿನ ಹೆಸರನ್ನು ನಾಲಿಗೆಯೂ ಬೇಗ ಮರೆಯುತ್ತದೆ.

ಆದುದರಿಂದ ಮಕ್ಕಳೇ, ಗೆಳೆಯನೊಬ್ಬ ದಂಟಿನ ಬಂಡಿಯನ್ನೋ ಚಿಂದಿಯ ಗೊಂಬೆಯನ್ನೋ ತಂದರೆ ನಗಬೇಡಿರಿ. ಹೇಗೆ ಮಾಡಿದೆ ಎಂದು ಕೇಳಿರಿ. ನಿಮ್ಮ ಶಿಕ್ಷಕರು ಅದನ್ನು ಹಿಂದಿನ ಸಾಲಿನಲ್ಲಿ ಇಟ್ಟರೆ, ಈ ಪಾಠವನ್ನು ಅವರಿಗೆ ಓದಿ ಹೇಳಿರಿ.

ಅಭ್ಯಾಸ

1. ಅಂಟಿಲ್ಲದೆ ದಂಟಿನ ಬಂಡಿ ಹೇಗೆ ನಿಲ್ಲುತ್ತದೆ?
2. ಕೌದಿ ಏಕೆ ಬೆಚ್ಚಗಿರುತ್ತದೆ?
3. ಸಿದ್ದಿ ಮಹಿಳೆಯರು ಕೌದಿಯ ಮೂಲೆಗೆ 'ಫೂಲ' ಇಡುವುದು ಏಕೆ? ನಿಮ್ಮ ಮಾತಿನಲ್ಲಿ ಬರೆಯಿರಿ.
4. ನಿಮ್ಮ ಮನೆಯ ಕೌದಿಯಲ್ಲಿ ಯಾರ ಯಾರ ಬಟ್ಟೆಗಳಿವೆ? ಹಿರಿಯರನ್ನು ಕೇಳಿ ಪಟ್ಟಿ ಮಾಡಿರಿ.