ಕಾಯಿ ಕುಸ್ತಿಯಿಂದ ಆಡಿಟ್‌ವರೆಗೆ

ಬೀದರ್ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಶುರುವಾಗುವುದು ತೆಂಗಿನಕಾಯಿಯಿಂದ. ಗೆದ್ದ ಪುಟ್ಟ ಹುಡುಗ ಮೈಮೇಲಿನ ಮಣ್ಣನ್ನೂ ಕೊಡವದೆ ಕಾಯಿಯನ್ನು ಎದೆಗವಚಿಕೊಂಡು ಅವ್ವನ ಕಡೆ ಓಡುತ್ತಾನೆ. ಹೊತ್ತು ಇಳಿದಂತೆ ಇನಾಮು ಏರುತ್ತದೆ. ಕೊನೆಯ ಜೋಡಿ ಬೆಳ್ಳಿ ಕಡಗಕ್ಕೆ ಸೆಣಸುತ್ತದೆ. ಕಾಯಿಯ ಲೆಕ್ಕ ಯಾರೂ ಕೇಳುವುದಿಲ್ಲ, ಕಡಗದ ಲೆಕ್ಕ ಊರೇ ಕೇಳುತ್ತದೆ. ಹಳ್ಳಿಯ ಕ್ರೀಡಾ ಸಂಘದ ಲೆಕ್ಕದ ಪುಸ್ತಕ ಹುಟ್ಟಿದ್ದು ಆ ಪ್ರಶ್ನೆಯಿಂದಲೇ ಎಂದು ನನ್ನ ನಂಬಿಕೆ.

ಮನ್ನಳ್ಳಿ, ಭಾಲ್ಕಿ, ಔರಾದ್ ಕಡೆ ಹುಡುಗರು ಕಬಡ್ಡಿಗೋ ವಾಲಿಬಾಲಿಗೋ ಹಣ ಕೂಡಿಸುವ ದಾರಿ ಇಂದಿಗೂ ಪಟ್ಟಿ ಎತ್ತುವುದೇ. ನೂರು ಹಾಳೆಯ ನೋಟ್‌ಬುಕ್ಕು, ಎಡಕ್ಕೆ ಹೆಸರು, ಬಲಕ್ಕೆ ಮೊತ್ತ. ಕೆಲವರು ಹಣದ ಬದಲು ಒಂದು ಹೊತ್ತಿನ ಊಟ ಬರೆಸುತ್ತಾರೆ. ಜಮಾ, ಖರ್ಚು, ಬಾಕಿ, ಖಜಾಂಚಿ: ಅರಬಿ, ಪಾರಸಿಯಿಂದ ಬಂದ ಈ ಮಾತುಗಳು ಇಲ್ಲಿನ ಹುಡುಗರ ಬಾಯಲ್ಲಿ ಮನೆಮಾತಿನಷ್ಟೇ ಸಲೀಸು.

ನೋಟ್‌ಬುಕ್ಕಿಗೆ ಕಾನೂನಿನ ಮುದ್ರೆ ಬಿದ್ದದ್ದು ಹಂತಹಂತವಾಗಿ. ಬೀದರ್ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಸಂಘಗಳ ನೋಂದಣಿಗೆ ಫಸಲಿ 1350ರ, ಅಂದರೆ 1941ರ ಹೊತ್ತಿನ ಕಾಯ್ದೆ ಇತ್ತು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ 1960ರ ಸಂಘಗಳ ನೋಂದಣಿ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಆಯಿತು. ಏಳು ಜನ ಕೂಡಿದರೆ ಸಂಘ. ಆದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಮುಟ್ಟಬೇಕು. 1972ರಲ್ಲಿ ನೆಹರೂ ಯುವ ಕೇಂದ್ರಗಳು ಶುರುವಾದ ಮೇಲೆ ಯುವಕ ಮಂಡಲಗಳಿಗೆ ಚೆಂಡು, ಬಲೆಯ ನೆರವು ಸಿಗುವಂತಾಯಿತು.

2013ರ ಕಂಪನಿ ಕಾಯ್ದೆಯಡಿ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಕೊಡಬಹುದಾದ ಕೆಲಸಗಳ ಪಟ್ಟಿಗೆ ಗ್ರಾಮೀಣ ಕ್ರೀಡೆಯ ತರಬೇತಿಯೂ ಸೇರಿತು. ಆಸೆ ಹುಟ್ಟಿಸುವ ಸುದ್ದಿಯೇ. ಆದರೆ ಆ ಹಣ ಹಳ್ಳಿಯ ಸಂಘದ ಕೈಗೆ ಬರಬೇಕಾದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು, ಮೂರು ವರ್ಷದ ಕೆಲಸದ ದಾಖಲೆ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅರ್ಜಿಯೂ ಬೇಕು. ಚೆಂಡಿಗೆ ಗಾಳಿ ತುಂಬಿಸಲು ಪಟ್ಟಿ ಎತ್ತುವ ಹುಡುಗರು ಲೆಕ್ಕ ಪರಿಶೋಧಕರ ಶುಲ್ಕಕ್ಕೆ ಎಲ್ಲಿಗೆ ಹೋಗಬೇಕು? ನಿಯಮ ತಪ್ಪಲ್ಲ, ಅದನ್ನು ಪಾಲಿಸಲು ಕೈಹಿಡಿಯುವವರಿಲ್ಲ. ಪ್ರತಿ ತಾಲ್ಲೂಕಿನಲ್ಲೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇಂಥ ಸಂಘಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಪುಕ್ಕಟೆ ಬರೆಸಿಕೊಟ್ಟರೆ ಸಾಕು, ಎಷ್ಟೋ ಸಂಘಗಳು ಉಳಿದಾವು.

ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸವೂ ಇದೆ. ಹುಡುಗರು ಪಟ್ಟಿ ಹಿಡಿದು ಬಾಗಿಲಿಗೆ ಬಂದರೆ ಹಣ ಕೊಡಿ, ರಸೀದಿ ಕೇಳಿ ಪಡೆಯಿರಿ, ಲೆಕ್ಕ ಓದುವ ದಿನ ಹೋಗಿ ಕೂತು ಕೇಳಿ.